ರೇಡಿಯೋ ಗೊರಗೊರ ಅಂತಿದೆಯಾ?

ಮಕ್ಕಳೇ, ತಾತ ಊರಿಂದ ತಂದ ಪುಟ್ಟ ರೇಡಿಯೋದಲ್ಲಿ ಶಾರ್ಟ್‌ವೇವ್ ಹಾಕಿದರೆ ಬರೀ ಗೊರಗೊರ ಸದ್ದಾ? ಕೆಟ್ಟಿದೆ ಅಂತ ಎಸೆಯಬೇಡಿ.

ಮೊದಲು ಜಾಗ ಬದಲಿಸಿ. ಮನೆಯೊಳಗಿನ ಫೋನ್ ಚಾರ್ಜರ್, ಎಲ್‌ಇಡಿ ದೀಪ, ಟಿವಿಗಳೂ ರೇಡಿಯೋ ಅಲೆಗಳನ್ನು ಸೂಸಿ ಗಲಾಟೆ ಮಾಡುತ್ತವೆ. ಬ್ಯಾಟರಿ ಹಾಕಿಕೊಂಡು ಹಿತ್ತಲಿಗೆ ಬನ್ನಿ, ಆಂಟೆನಾ ಪೂರ್ತಿ ಎಳೆಯಿರಿ.

ಆಮೇಲೆ ಹೊತ್ತು ನೋಡಿ. ಶಾರ್ಟ್‌ವೇವ್ ಅಲೆಗಳು ಆಕಾಶದ ಅಯಾನುಗೋಳಕ್ಕೆ ತಗುಲಿ, ಚೆಂಡಿನ ಹಾಗೆ ಪುಟಿದು ದೂರದೂರಿಗೆ ಬರುತ್ತವೆ. ಬಿಸಿಲು ಏರಿಳಿದಂತೆ ಆ ಪದರವೂ ಬದಲಾಗುತ್ತೆ. ಅದಕ್ಕೇ ಸಾಮಾನ್ಯವಾಗಿ ಹಗಲಲ್ಲಿ 10, 15 ಮೆಗಾಹರ್ಟ್ಸ್, ರಾತ್ರಿ 5 ಮೆಗಾಹರ್ಟ್ಸ್ ಚೆನ್ನಾಗಿ ಕೇಳುತ್ತೆ.

ಈ ಮೂರರಲ್ಲೂ ನಿಮಿಷ ನಿಮಿಷಕ್ಕೂ ಸಮಯ ಹೇಳುವ ಎರಡು ನಿಲಯಗಳಿವೆ. ಗಂಡಸಿನ ದನಿ ಬಂದರೆ ಕೊಲೊರಾಡೋದ ಡಬ್ಲ್ಯುಡಬ್ಲ್ಯುವಿ. ಹೆಂಗಸಿನ ದನಿಯಾದರೆ ಹವಾಯಿಯ ಡಬ್ಲ್ಯುಡಬ್ಲ್ಯುವಿಎಚ್. ಒಂದು ಕೇಳಿದರೂ ರೇಡಿಯೋ ಸರಿಯಿದೆ. ಕೆಂಟ್‌ನ ನಿಮ್ಮ ಹಿತ್ತಲಲ್ಲಿ ಯಾವ ದನಿ ಸಿಕ್ಕಿತು?