ಹಳೆಯ ವ್ಯಾನ್ ಕೊಳ್ಳುವ ಮುನ್ನ ಲೆಕ್ಕ ಹಾಕಿ

ತರಕಾರಿ ಬೆಳೆಯುವುದಕ್ಕಿಂತ ಅದನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸುವುದೇ ಕಷ್ಟ ಎಂಬುದು ಕಾಡುಗೋಡಿ ಸುತ್ತಿನ ಬೆಳೆಗಾರರ ಅನುಭವ. 2023ರಲ್ಲಿ ಮೆಟ್ರೋ ರೈಲು ಕಾಡುಗೋಡಿಗೆ ಬಂದರೂ ಸೊಪ್ಪಿನ ಕಟ್ಟು, ಟೊಮೇಟೊ ಕ್ರೇಟುಗಳು ರಸ್ತೆಯಲ್ಲೇ ಸಾಗಬೇಕು. ಹೀಗಾಗಿ ಹೊಸಕೋಟೆ, ಮಾಲೂರು ಕಡೆಯ ಅನೇಕ ಸಣ್ಣ ಹಿಡುವಳಿದಾರರು ಬಾಡಿಗೆಯ ಕಾಟ ತಪ್ಪಲೆಂದು ಹಳೆಯ ಓಮ್ನಿ ವ್ಯಾನ್ ಕೊಳ್ಳಲು ಯೋಚಿಸುತ್ತಾರೆ. ಈ ಯೋಚನೆ ತಪ್ಪಲ್ಲ. ಆದರೆ ಕೊಂಡ ಬೆಲೆಯೇ ಗಾಡಿಯ ಖರ್ಚೆಂದು ತಿಳಿದರೆ, ಬೆಳೆಯಲ್ಲಿ ಬಂದ ಲಾಭ ಗ್ಯಾರೇಜಿನ ಪಾಲಾಗುತ್ತದೆ.

ಮಾರುತಿ ವ್ಯಾನ್ 1984ರಲ್ಲಿ ಮಾರುಕಟ್ಟೆಗೆ ಬಂದಿತು. ಮುಂದೆ ಓಮ್ನಿ ಎಂದು ಹೆಸರಾದ ಇದರ ತಯಾರಿಕೆ 2019ರಲ್ಲಿ ನಿಂತಿತು. ಆದ್ದರಿಂದ ಇಂದು ಮಾರಾಟಕ್ಕಿರುವ ಓಮ್ನಿಗಳೆಲ್ಲವೂ ವಯಸ್ಸಾದವೇ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ ಸರಳವಾದುದು, ಇದರ ಕೆಲಸ ಬಲ್ಲ ಮೇಸ್ತ್ರಿಗಳೂ ಎಲ್ಲೆಡೆ ಇದ್ದಾರೆ. ಆದರೆ ಎಂಜಿನ್ ಮುಂದಿನ ಆಸನದ ಕೆಳಗಿರುವುದರಿಂದ ಅದರ ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಿತ್ತನೆ ಬೀಜವನ್ನು ಮೊಳಕೆ ಪರೀಕ್ಷೆ ಮಾಡಿಯೇ ಕೊಳ್ಳುವಂತೆ ವ್ಯಾನನ್ನೂ ಪರೀಕ್ಷಿಸಿಯೇ ಕೊಳ್ಳಬೇಕು.

ಸಾಮಾನ್ಯವಾಗಿ ಕಂಡುಬರುವ ದೋಷಗಳು

1. ತುಕ್ಕು: ಓಮ್ನಿಯ ಮೊದಲ ಶತ್ರು ಇದೇ. ಸೊಪ್ಪು ಸಾಗಿಸಿದ ಗಾಡಿಯ ನೆಲ ಸದಾ ತೇವವಾಗಿರುತ್ತದೆ. ನೆಲಹಾಸನ್ನು ಎತ್ತಿ ನೋಡಿರಿ. ಬಾಗಿಲ ಕೆಳಗಿನ ಅಂಚು, ಜಾರುವ ಬಾಗಿಲಿನ ಹಳಿ, ಚಕ್ರದ ಮೇಲಿನ ಕಮಾನು, ಇವುಗಳ ಮೇಲೆ ಸಣ್ಣ ಅಯಸ್ಕಾಂತ ಇಡಿ. ಅದು ಅಂಟದಿದ್ದರೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ ಎಂದರ್ಥ.

2. ಎಂಜಿನ್ ಕಾಯುವುದು: ತಂಪುಕಾರಕ ದ್ರವದ ಬದಲು ಬೋರ್‌ವೆಲ್ ನೀರು ಸುರಿದಿದ್ದರೆ ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆರೆಯಿರಿ. ನೀರಿನಲ್ಲಿ ಎಣ್ಣೆಯ ಅಂಶ ಇದ್ದರೆ ಅಥವಾ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ಬಿಟ್ಟುಬಿಡುವುದೇ ಮೇಲು.

3. ಹೊಗೆ: ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನಿಮ್ಮೆದುರೇ ಚಾಲೂ ಮಾಡಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಇಂಧನ ಹೆಚ್ಚಾಗಿ ಹೋಗುತ್ತಿರುವುದನ್ನು ಸೂಚಿಸುತ್ತದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸಿಲಿಂಡರಿಗೆ ನೀರು ಸೇರುತ್ತಿರುವ ಗುರುತು.

4. ಟೈಮಿಂಗ್ ಬೆಲ್ಟ್: ಈ ಎಂಜಿನ್ನಿನಲ್ಲಿರುವುದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಇದು ಹರಿದರೆ ಗಾಡಿ ನಿಂತಲ್ಲಿಯೇ ನಿಲ್ಲುತ್ತದೆ. ಬದಲಾಯಿಸಿದ ರಸೀದಿ ಇಲ್ಲದಿದ್ದರೆ, ಬದಲಾಯಿಸಿಲ್ಲ ಎಂದೇ ಭಾವಿಸಿ ಕೊಂಡ ವಾರದಲ್ಲೇ ಹೊಸದನ್ನು ಹಾಕಿಸಿ.

5. ಕ್ಲಚ್, ಸ್ಪ್ರಿಂಗ್, ಬ್ರೇಕ್: ಹೊರೆ ಹೊತ್ತ ಗಾಡಿಗಳಲ್ಲಿ ಬೇಗ ಸವೆಯುವ ಭಾಗಗಳಿವು. ಏರಿನಲ್ಲಿ ಎಂಜಿನ್ನಿನ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಖಾಲಿ ಗಾಡಿಯ ಹಿಂಭಾಗ ಕುಗ್ಗಿ ನಿಂತಿದ್ದರೆ ಪಟ್ಟಿ ಸ್ಪ್ರಿಂಗ್ ಸೋತಿದೆ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದ್ದರೆ ಬ್ರೇಕ್ ಎಣ್ಣೆ ಸೋರುತ್ತಿರಬಹುದು.

6. ಟೈರ್ ಮತ್ತು ಇಂಧನ ಕೊಳವೆ: ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ, 1419 ಎಂದಿದ್ದರೆ 2019ರ 14ನೆಯ ವಾರ. ಹಲ್ಲು ಚೆನ್ನಾಗಿದ್ದರೂ ಹಳೆಯ ರಬ್ಬರನ್ನು ನಂಬಬಾರದು. ಈಗ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಗ್ಯಾಸ್ಕೆಟ್‌ಗಳು ಇದಕ್ಕೆಂದು ಮಾಡಿದವಲ್ಲ. ಬಿರುಕು ಬಿಟ್ಟ ಕೊಳವೆಯನ್ನು ಕೂಡಲೇ ಬದಲಾಯಿಸಿ.

ಗ್ಯಾಸ್ ಕಿಟ್ ಇರುವ ವ್ಯಾನ್ ಆದರೆ ಅದು ಆರ್.ಸಿ. ಪುಸ್ತಕದಲ್ಲಿ ನಮೂದಾಗಿರಬೇಕು. ಅಡಿಗೆಯ ಸಿಲಿಂಡರಿನಿಂದ ಓಡುವ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಆಸನದ ಪಕ್ಕದಲ್ಲಿ ನಿಮ್ಮ ಮಕ್ಕಳೂ ಕೂರುತ್ತಾರೆ ಎಂಬುದನ್ನು ಮರೆಯಬಾರದು.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಯೋಗ್ಯವೆಂದು ಕಂಡರೆ 5 ವರ್ಷಕ್ಕೊಮ್ಮೆ ನವೀಕರಿಸುತ್ತಾರೆ. ಈ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. ಇದರ ಮೇಲೆ ಹಸಿರು ತೆರಿಗೆಯೂ ಉಂಟು. ಆದ್ದರಿಂದ 14 ವರ್ಷದ ಗಾಡಿ ಅಗ್ಗವಾಗಿ ಸಿಕ್ಕರೆ ಕಾರಣವನ್ನು ಇಲ್ಲಿ ಹುಡುಕಿ. ಹೊಸೂರಿನ ಕಡೆಯಿಂದ ಬಂದ ತಮಿಳುನಾಡು ನೋಂದಣಿಯ ಗಾಡಿಗೆ ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕಾಗುತ್ತದೆ. ಅದನ್ನೂ ಬೆಲೆಗೆ ಸೇರಿಸಿ ನೋಡಿ.

29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿಸಿ, ಸಾಲದ ನಮೂದಿದ್ದರೆ ಅದನ್ನು ತೆಗೆಸಿ, ಹೆಸರು ಬದಲಾವಣೆಯನ್ನು ಕೂಡಲೇ ಮಾಡಿಸಿಕೊಳ್ಳಿ. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಖಾಸಗಿ ಗಾಡಿಯಲ್ಲಿ ನೆರೆಯವರ ಸರಕನ್ನು ಬಾಡಿಗೆಗೆ ಸಾಗಿಸಬಾರದು; ಅಪಘಾತವಾದರೆ ವಿಮಾ ಹಣಕ್ಕೆ ಸಂಚಕಾರ ಬರುತ್ತದೆ. ಹೊರೆಯಲ್ಲಿಯೂ ಮಿತಿ ಇರಲಿ. 15 ಕಿಲೋ ಟೊಮೇಟೊ ಕ್ರೇಟು 20 ಹೇರಿದರೆ 300 ಕಿಲೋ ಆಯಿತು. ಚಾಲಕನೂ ಸೇರಿದರೆ ಅದು ಐದು ಜನರ ತೂಕಕ್ಕೆ ಸಮ.

ಒಂದು ಮಾದರಿ ಲೆಕ್ಕ

ವ್ಯಾನಿನ ಬೆಲೆ 1,20,000 ರೂ., ಮೊದಲ ದುರಸ್ತಿ 25,000 ರೂ. ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದ ನಂತರ 65,000 ರೂ.ಗೆ ಮಾರಿದರೆ ಕಳೆದುಹೋದದ್ದು 80,000 ರೂ., ಅಂದರೆ ವರ್ಷಕ್ಕೆ 20,000 ರೂ. ಹೂಡಿದ ಹಣದ ಬಡ್ಡಿ 12,000, ವಿಮೆ ಮತ್ತು ಹೊಗೆ ತಪಾಸಣೆ 6,000, ದುರಸ್ತಿ, ಟೈರ್, ಬ್ಯಾಟರಿಗೆ 14,000 ರೂ. ಹಿಡಿದರೆ ವರ್ಷದ ಖರ್ಚು 52,000 ರೂ. ಗಾಡಿ ಹೆಚ್ಚು ಓಡಲಿ, ಕಡಿಮೆ ಓಡಲಿ, ಇದರಲ್ಲಿ ಬಹುಪಾಲು ತಪ್ಪಿದ್ದಲ್ಲ.

ಬೆಂಗಳೂರಿನ ಮಾರುಕಟ್ಟೆಗೆ ಹೋಗಿಬರಲು 50 ಕಿ.ಮೀ., ಲೀಟರಿಗೆ 12.5 ಕಿ.ಮೀ., ಪೆಟ್ರೋಲಿಗೆ 100 ರೂ. ಎಂದರೆ ಒಂದು ಸುತ್ತಿಗೆ 400 ರೂ. ಇಂಧನ. ವರ್ಷಕ್ಕೆ 100 ಸುತ್ತು ಹೋದರೆ ಒಟ್ಟು ಖರ್ಚು 92,000 ರೂ., ಸುತ್ತಿಗೆ 920 ರೂ. ಬೀಳುತ್ತದೆ. ಕೇವಲ 40 ಸುತ್ತು ಹೋದರೆ ಸುತ್ತಿಗೆ 1,700 ರೂ.! ನಿಮ್ಮ ಊರಿನಲ್ಲಿ ಗೂಡ್ಸ್ ಆಟೋದವರು ಕೇಳುವ ಬಾಡಿಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂಕಿಗಳ ಜಾಗದಲ್ಲಿ ನಿಮ್ಮವೇ ಅಂಕಿಗಳನ್ನು ಹಾಕಿಕೊಳ್ಳಿ.

ಎರಡು ಎಕರೆಯಲ್ಲಿ ವರ್ಷಕ್ಕೆ ಒಂದೇ ಬೆಳೆ ತೆಗೆಯುವವರಿಗೆ ಬಾಡಿಗೆಯೇ ಲಾಭಕರವಾಗಬಹುದು. ಸೊಪ್ಪು, ಹೂವು ಬೆಳೆದು ವಾರಕ್ಕೆ ಎರಡು ಮೂರು ಬಾರಿ ಮಾರುವವರಿಗೆ ಸ್ವಂತ ವ್ಯಾನ್ ಅನುಕೂಲ. ಹಾಗೆ ಕೊಳ್ಳುವುದಾದರೆ ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯದೆ, ಐದರಲ್ಲಿ ಒಂದು ಪಾಲನ್ನು ಮೊದಲ ದುರಸ್ತಿಗೆಂದು ತೆಗೆದಿಡಿ. ನಂಬಿಕೆಯ ಮೇಸ್ತ್ರಿಗೆ ಕೂಲಿ ಕೊಟ್ಟು ಕರೆದೊಯ್ಯಿರಿ. ಆ ಖರ್ಚು ವ್ಯರ್ಥವಲ್ಲ. ಕೊಂಡ ದಿನದಿಂದಲೇ ಗಾಡಿಯಲ್ಲಿ ಒಂದು ಪುಸ್ತಕವಿಟ್ಟು ಓಡಿದ ಕಿಲೋಮೀಟರು, ಹಾಕಿದ ಪೆಟ್ರೋಲು, ಕೊಟ್ಟ ಹಣವನ್ನು ಬರೆಯುತ್ತ ಬನ್ನಿ. ವರ್ಷದ ಕೊನೆಯಲ್ಲಿ ಕೂಡಿ ನೋಡಿದರೆ, ಗಾಡಿ ನಿಮಗಾಗಿ ದುಡಿಯುತ್ತಿದೆಯೋ, ನೀವೇ ಗಾಡಿಗಾಗಿ ದುಡಿಯುತ್ತಿದ್ದೀರೋ ತಿಳಿಯುತ್ತದೆ.