ಅಜ್ಜಿಗೊಂದು ಕುರ್ಚಿ ಇದೆಯೇ?

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗನನ್ನು ಒಂದು ಮಾಲಿನ ಗೇಮ್ ಝೋನಿಗೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ಅಮ್ಮನೂ ಬಂದಿದ್ದರು. ಬ್ಯಾಸ್ಕೆಟ್‌ಬಾಲ್ ಯಂತ್ರಕ್ಕೆ ಹುಡುಗ ಕಾರ್ಡ್ ತೋರಿಸಿದ. ದುಡ್ಡು ಕಟ್ಟಾಯಿತು, ಚೆಂಡು ಮಾತ್ರ ಇಳಿಯಲಿಲ್ಲ. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ, "ಮ್ಯಾನೇಜರ್ ಬರ್ಬೇಕು ಸರ್" ಅಂದ. ಅವರು ಬಂದದ್ದು ಇಪ್ಪತ್ತು ನಿಮಿಷಕ್ಕೆ. ಅಷ್ಟರಲ್ಲಿ ನಿಂತೂ ನಿಂತೂ ಮಂಡಿ ಹಿಡಿದುಕೊಂಡ ಅಮ್ಮ, "ಸಾಕು, ನಡೀರಪ್ಪ ಮನೆಗೆ" ಅಂದರು. ಕಾರ್ಡಿನಲ್ಲಿ ಅರ್ಧ ದುಡ್ಡು ಹಾಗೇ ಉಳಿದಿತ್ತು.

ಇಂಥ ಕಡೆ ಆಡುವವರು ಮಕ್ಕಳು. ಹೊರಡುವ ಹೊತ್ತನ್ನು ಹೇಳುವವರು ಆಡದವರು. ಅಟಾರಿ ಎಂಬ ವಿಡಿಯೊ ಗೇಮ್ ಕಂಪನಿ ಕಟ್ಟಿದ ಅಮೆರಿಕದ ನೋಲನ್ ಬುಶ್ನೆಲ್‌ಗೆ ಇದರ ಸುಳಿವಿತ್ತು. ಮುಂದೆ 'ಚಕ್ ಇ. ಚೀಸ್' ಎಂದು ಹೆಸರಾದ ಮಳಿಗೆಯನ್ನು ಆತ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ತೆರೆದಾಗ ತಿನ್ನುವುದಕ್ಕೆ ಪಿಜ್ಜಾವನ್ನೇ ಆರಿಸಿಕೊಂಡ. ಪಿಜ್ಜಾ ಬೇಯಲು ಹೊತ್ತು ಹಿಡಿಯುತ್ತದಲ್ಲ, ಅದೂ ಒಂದು ಕಾರಣ! ಅದು ಬೇಯುವವರೆಗೆ ಮಕ್ಕಳು ಆಡುತ್ತಾರೆ, ದೊಡ್ಡವರು ಕೂತಿರುತ್ತಾರೆ.

ಕೂರುವುದಕ್ಕೆ ಜಾಗ ಬೇಕಷ್ಟೆ. ನಮ್ಮಲ್ಲಿ ಅದನ್ನೇ ಮರೆಯುತ್ತಾರೆ; ನಾಲ್ಕು ಕುರ್ಚಿಯ ಜಾಗದಲ್ಲಿ ಇನ್ನೊಂದು ಯಂತ್ರ ಹಿಡಿಸುತ್ತದೆಂಬ ಲೆಕ್ಕ. ಕುರ್ಚಿಗೆ ಬೆನ್ನಿರಬೇಕು, ಅಲ್ಲಿಂದ ಮೊಮ್ಮಗು ಕಾಣಬೇಕು, ಪಕ್ಕದಲ್ಲಿ ಕುಡಿಯುವ ನೀರಿರಬೇಕು. ಯಾರೂ ಆಡದಿದ್ದಾಗಲೂ ಗಿರಾಕಿಯನ್ನು ಕರೆಯಲೆಂದು ಯಂತ್ರಗಳು ಕೂಗುತ್ತಲೇ ಇರುತ್ತವೆ. ಕುರ್ಚಿಗಳ ಹತ್ತಿರದವುಗಳ ಸದ್ದನ್ನಾದರೂ ತಗ್ಗಿಸಿದರೆ ಅಮ್ಮನಂಥವರು ಒಂದು ತಾಸು ಹೆಚ್ಚು ಕೂರುತ್ತಾರೆ.

ಇನ್ನು ಕಾರ್ಡಿನ ವಿಷಯ. ಸಾಮಾನ್ಯವಾಗಿ ಕಾರ್ಡಿನೊಳಗಿನ ಚಿಪ್ಪಿನಲ್ಲಿ ಇರುವುದು ಒಂದು ನಂಬರು. ದುಡ್ಡಿನ ಲೆಕ್ಕವೆಲ್ಲ ಸರ್ವರಿನಲ್ಲಿ. ಹಾಗಾಗಿ ಕೊಳ್ಳುವಾಗ ಫೋನ್ ನಂಬರು ಬರೆಸಿದ್ದರೆ, ಕಾರ್ಡ್ ಕಳೆದರೂ ಬಾಕಿಯನ್ನು ಹೊಸ ಕಾರ್ಡಿಗೆ ಹಾಕಿಕೊಡಬಹುದು. ಸಿಬ್ಬಂದಿಗೂ ಒಂದು ಕಾರ್ಡ್ ಕೊಡುವ ವ್ಯವಸ್ಥೆ ಇದೆ. ಯಂತ್ರ ಕೈಕೊಟ್ಟರೆ ಆತ ಅದನ್ನು ತೋರಿಸಿ ಅಲ್ಲೇ ಇನ್ನೊಂದು ಆಟ ಬಿಡುತ್ತಾನೆ. ಯಾರು, ಯಾವ ಯಂತ್ರಕ್ಕೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ದಾಖಲಾಗುವುದರಿಂದ ದುರುಪಯೋಗವಾದೀತೆಂದು ಮಾಲೀಕರು ಹೆದರಬೇಕಿಲ್ಲ. ನಮಗೆ ಇಪ್ಪತ್ತು ನಿಮಿಷ ಹಿಡಿದ ಕೆಲಸ ಇಪ್ಪತ್ತು ಸೆಕೆಂಡಿನದು.

ಬೌಲಿಂಗ್ ಇದ್ದರೆ ಅಜ್ಜ ಮೊಮ್ಮಗ ಇಬ್ಬರೂ ಒಟ್ಟಿಗೆ ಆಡಬಹುದು. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಐದು ವರ್ಷದ ಮಗು ಉರುಳಿಸಿದ ಚೆಂಡು ಅಷ್ಟು ದೂರ ನೆಟ್ಟಗೆ ಹೋಗುವುದುಂಟೇ? ಪಕ್ಕದ ಕಾಲುವೆಗೆ ಬೀಳುತ್ತದೆ, ಮೂರನೇ ಸಲಕ್ಕೆ ಮಗು ಅಳುತ್ತದೆ. ಅದಕ್ಕೇ ಎರಡೂ ಬದಿಗೆ ಬಂಪರ್ ಕಂಬಿಗಳಿರುತ್ತವೆ. ಹೊಸ ಲೇನುಗಳಲ್ಲಿ ಹೆಸರು ಬರೆಸುವಾಗಲೇ ಯಾರಿಗೆ ಬಂಪರ್ ಬೇಕೆಂದು ಹೇಳಿದರಾಯಿತು: ಮಗುವಿನ ಸರದಿ ಬಂದಾಗ ಕಂಬಿ ತಾನೇ ಏಳುತ್ತದೆ, ಅಪ್ಪನ ಸರದಿಗೆ ಮಲಗುತ್ತದೆ. ಚೆಂಡಿನ ಮೇಲಿನ ಅಂಕಿ ಅದರ ತೂಕ, ಪೌಂಡ್ ಲೆಕ್ಕದಲ್ಲಿ. 6 ಎಂದರೆ ಸುಮಾರು 2.7 ಕಿಲೋ, 16 ಎಂದರೆ ಏಳು ಕಿಲೋ ದಾಟಿತು. ದೊಡ್ಡವರು ತಮ್ಮ ತೂಕದ ಹತ್ತನೇ ಒಂದು ಪಾಲಿನಷ್ಟು ತೂಕದ ಚೆಂಡನ್ನು ಹಿಡಿಯಬಹುದು ಎಂಬುದು ಹಳೆಯ ಅಂದಾಜು. ಅಲ್ಲಿಯ ಶೂವನ್ನೇ ಹಾಕಿಕೊಳ್ಳಬೇಕೆಂಬುದೂ ದುಡ್ಡು ಕೀಳುವ ಉಪಾಯವಲ್ಲ. ಅದರ ಅಟ್ಟೆ ನುಣುಪು, ಚೆಂಡು ಬಿಡುವಾಗ ಪಾದ ಜಾರಬೇಕು. ಅಟ್ಟೆಗೆ ನೀರು ತಾಗಿದರೆ ಪಾದ ಗಕ್ಕನೆ ಹಿಡಿದು ಆಡುವವರು ಮುಗ್ಗರಿಸುತ್ತಾರೆ. ಕೌಂಟರಿನವರು ಇಷ್ಟನ್ನು ಬಾಯಿಬಿಟ್ಟು ಹೇಳಿದರೆ ಅರ್ಧ ಜಗಳ ಕಮ್ಮಿ.

ಆಟದಲ್ಲಿ ಗೆದ್ದ ಟಿಕೆಟ್ ಕೊಟ್ಟು ಬಹುಮಾನ ಪಡೆಯುವ ಕೌಂಟರಿಗೆ ಹೋಗುವುದು ಕೊನೆಯಲ್ಲಿ. ಅನುಭವದ ತುತ್ತತುದಿ ಮತ್ತು ಕೊನೆ, ಇವೆರಡೇ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು 2002ರಲ್ಲಿ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತೋರಿಸಿಕೊಟ್ಟಿದ್ದರು. ಹಾಗಾಗಿ ದೊಡ್ಡ ಟೆಡ್ಡಿ, ಸೈಕಲ್‌ಗಳೆಲ್ಲ ಮೇಲಿನ ಗೂಡಿನಲ್ಲಿರಲಿ. ಮಗುವಿನ ಕಣ್ಣಳತೆಗೆ ಪೆನ್ಸಿಲ್, ಬುಗುರಿ, ಪುಟಾಣಿ ಕಾರು ಸಿಗಬೇಕು, ಮೂವತ್ತು ಟಿಕೆಟ್ ಇದ್ದವರಿಗೂ ಏನಾದರೊಂದು. ಕೌಂಟರಿನ ಹುಡುಗಿಗೆ ಐದಾರು ಟಿಕೆಟ್ ತಾನೇ ಬಿಟ್ಟುಕೊಡುವ ಅಧಿಕಾರವಿದ್ದರೆ ಮಾಲೀಕರ ಗಂಟೇನೂ ಹೋಗುವುದಿಲ್ಲ. ಭಾನುವಾರ ಮುಚ್ಚುವ ಹೊತ್ತಿಗೆ ಎಲ್ಲರೂ ಅಲ್ಲೇ ಮುಗಿಬೀಳುತ್ತಾರೆ. ಮುಕ್ಕಾಲು ಗಂಟೆ ಮುಂಚೆಯೇ ಅಲ್ಲಿ ಇನ್ನೊಬ್ಬರನ್ನು ನಿಲ್ಲಿಸಿರಬೇಕು.