ಒಲ್ಲದ ರಾಜ್ಯದ ಸಭೆಯಲ್ಲಿ ಐದು ವರ್ಷ

ಈ ರಾಜ್ಯವೇ ನಮಗೆ ಬೇಡವೆಂದವರು ಅದೇ ರಾಜ್ಯದ ಶಾಸನಸಭೆಯಲ್ಲಿ ಕುಳಿತುಕೊಳ್ಳುವುದು ವಿಚಿತ್ರವೆನಿಸೀತು. 1957ರಿಂದ 1962ರವರೆಗಿನ ಮೈಸೂರು ವಿಧಾನಸಭೆಯು ಈ ವಿಚಿತ್ರವನ್ನು ಕಂಡಿತು.

1956ರ ನವೆಂಬರ್ 1ರಂದು, ಚಂದಗಡ ತಾಲ್ಲೂಕೊಂದನ್ನುಳಿದು, ಬೆಳಗಾವಿ ಜಿಲ್ಲೆಯು ಮುಂಬಯಿಯಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಕನ್ನಡಿಗರಿಗೆ ಅದು ಬಹುಕಾಲದ ಕನಸು ಕೈಗೂಡಿದ ದಿನ. ಬೆಳಗಾವಿ, ಖಾನಾಪುರಗಳ ಮರಾಠಿ ಜನರಲ್ಲಿ ಅನೇಕರಿಗೆ ಅಗಲಿಕೆಯ ದಿನ. ಮರುವರ್ಷವೇ ಮತಪೆಟ್ಟಿಗೆ ಈ ಅಸಮಾಧಾನವನ್ನು ನುಡಿಯಿತು. ಬೆಳಗಾವಿ ನಗರದಿಂದ ಬಿ. ಆರ್. ಸುಂಠಣಕರ, ಖಾನಾಪುರದಿಂದ ಎಲ್. ಬಿ. ಬಿರ್ಜೆ ಆಯ್ಕೆಯಾದರು. ಮರಾಠಿ ಪ್ರದೇಶಗಳು ಮರಾಠಿ ರಾಜ್ಯದಲ್ಲಿ ವಿಲೀನವಾಗಬೇಕೆಂಬುದೇ ಇಬ್ಬರ ಬೇಡಿಕೆ.

208 ಸ್ಥಾನಗಳಲ್ಲಿ 150 ಕಾಂಗ್ರೆಸ್ಸಿನವು. ಸಂಖ್ಯಾಬಲವಿದ್ದಿದ್ದರೂ ಗಡಿ ಕದಲುತ್ತಿರಲಿಲ್ಲ. ಸಂವಿಧಾನದ ಮೂರನೆಯ ವಿಧಿಯಂತೆ ಅದು ಸಂಸತ್ತಿನ ಅಧಿಕಾರ, ವಿಧಾನಸಭೆ ಅಭಿಪ್ರಾಯವನ್ನಷ್ಟೇ ತಿಳಿಸಬಲ್ಲದು. ಆದರೂ ಅವರು ಪ್ರಮಾಣ ಸ್ವೀಕರಿಸಿದುದರಲ್ಲಿ ಅಸಂಗತವೇನೂ ಇರಲಿಲ್ಲ: ಶಾಸಕನ ನಿಷ್ಠೆ ಭಾರತದ ಸಂವಿಧಾನಕ್ಕೆ, ರಾಜ್ಯದ ಎಲ್ಲೆಗಲ್ಲ.

ಅಂದಿನ ಸಭಾಧ್ಯಕ್ಷ ಎಸ್. ಆರ್. ಕಂಠಿಯವರೂ, 1958ರಲ್ಲಿ ಮುಖ್ಯಮಂತ್ರಿಗಳಾದ ಜಮಖಂಡಿಯ ಬಿ. ಡಿ. ಜತ್ತಿಯವರೂ ಮುಂಬಯಿ ಕರ್ನಾಟಕದವರೇ. 1960ರಲ್ಲಿ ಉಭಯ ರಾಜ್ಯಗಳು ನಾಲ್ವರ ಸಮಿತಿಯನ್ನು ನೇಮಿಸಿದವು; ಒಮ್ಮತ ಮೂಡಲಿಲ್ಲ. 1962ರ ಚುನಾವಣೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಆರು ಸ್ಥಾನಗಳನ್ನು ಗೆದ್ದಿತು.

ಗಡಿಯ ವ್ಯಾಜ್ಯ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅಂದು ಬೆಳಗಾವಿಯ ಅಹವಾಲು ಬೆಂಗಳೂರಿಗೆ ಹೋಗಬೇಕಾಗಿತ್ತು. 2006ರಲ್ಲಿ ವಿಧಾನಸಭೆಯೇ ಬೆಳಗಾವಿಗೆ ಬಂದು ಅಧಿವೇಶನ ನಡೆಸಿತು. 2012ರಲ್ಲಿ ಅಲ್ಲಿಯೇ ಸುವರ್ಣ ವಿಧಾನಸೌಧ ತಲೆಯೆತ್ತಿತು.